ಅತ್ತೆಗೆ ನಾನು ಮಾಡಿದ ಸಹಾಯಗಳು

ನಮ್ಮ ಸೋದರತ್ತೆಯ ಮೇಲೆ ನನಗಿರುವಷ್ಟು ಸಿಟ್ಟು ಇಡೀ ಚಾಮರಾಜನಗರ ಜಿಲ್ಲೆಯಲ್ಲಿ ಯಾರಿಗೂ ಯಾರ ಮೇಲೂ ಇರಲಾರದು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಹಿಂದಿನ ಬೀದಿಗೆ ಹೋಗಿ ಕೇಳಿ ನೋಡಿ. ಬೈಯುವ ಅಮ್ಮನ ಮನೆ ಯಾವುದು ಎಂದರೆ ಎಳೆ ಮಕ್ಕಳೂ ತೋರಿಸುತ್ತವೆ. ಆ ಅಮ್ಮನ ಜೊತೆ ಜಗಳವಾಡಲೆಂದೇ ಹದಿನೈದು ದಿನಕ್ಕೊಮ್ಮೆ ಬಸ್ಸಿಳಿಯುವ ಕಂದಾಯ ಇಲಾಖೆಯ ಗುಮಾಸ್ತ ಯಾರು ಎಂದರೆ ನನ್ನ ಹೆಸರನ್ನೂ ಹೇಳುತ್ತವೆ.

ಅತ್ತೆಗೆ ಎಪ್ಪತ್ತೆಂಟು ವರ್ಷ ಎನ್ನುವುದು ನಮ್ಮ ಅಂದಾಜು. ಅವಳು ಅರವತ್ತಾದ ಮೇಲೆ ಎಣಿಸುವುದನ್ನೇ ನಿಲ್ಲಿಸಿದ್ದಾಳೆ. ಉಡಿಗಾಲದಲ್ಲಿ ಹುಟ್ಟಿ, ಗುಂಡ್ಲುಪೇಟೆಗೆ ಸೊಸೆಯಾಗಿ ಬಂದು, ಮದುವೆಯಾದ ನಾಲ್ಕನೇ ವರ್ಷ ಗಂಡನನ್ನು ಕಳೆದುಕೊಂಡವಳು. ಮಕ್ಕಳಿಲ್ಲ. ತವರಿಗೆ ಬಾ ಎಂದು ಕರೆಯಲು ಹೋದ ನಮ್ಮಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ, "ನಿನ್ನ ಎಂಡ್ರು ಇಕ್ಕಿದ್ ಕೂಳ ನಾನ್ಯಾಕ್ಲಾ ಉಣ್ಲಿ?" ಎಂದು ಕಳಿಸಿದಳಂತೆ. ಆಮೇಲೆ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಆರಿಸಿ, ಎರಡು ಕೋಣೆಯ ಹೆಂಚಿನ ಮನೆಯೊಂದನ್ನು ಕಟ್ಟಿದಳು. ಕಟ್ಟಿಸಿದಳು ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ. ಅರ್ಧ ಗೋಡೆಗೆ ಅವಳೇ ಕಲ್ಲು ಮಣ್ಣು ಹೊತ್ತಿದ್ದಾಳೆ. ಕೆಲಸ ಬಿಟ್ಟು ವರ್ಷಗಳಾದರೂ ದಿನಾ ಬೆಳಿಗ್ಗೆ ಮಂಡಿಗೆ ಒಂದು ಸುತ್ತು ಹೋಗಿ, ಯಾರದೋ ಮೂಟೆಯಿಂದ ಈರುಳ್ಳಿಯೊಂದನ್ನು ಎತ್ತಿ ಮೂಸಿ, "ಇದು ನಾಳಿದ್ಕ ಕೊಳೀತದ, ಯಾರ ತಲಗ ಕಟ್ಟೀಯೆ?" ಎಂದು ವ್ಯಾಪಾರಿಯ ಮಾನ ಕಳೆದು ಬರುವುದು ತಪ್ಪಿಲ್ಲ. ಕೇರಳಕ್ಕೆ ಹೋಗುವ ಲಾರಿ ಡ್ರೈವರುಗಳು ಅವಳನ್ನು ಕಂಡರೆ ಹಾರ್ನ್ ಒತ್ತುವುದಿಲ್ಲ. ಬ್ರೇಕ್ ಒತ್ತುತ್ತಾರೆ.

ಸರಿ, ಇಂಥವಳ ಮೇಲೆ ನನಗೇಕೆ ಸಿಟ್ಟು? ಯಾಕೆಂದರೆ ಅವಳಿಗೆ ಸಹಾಯ ಮಾಡುವ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ಯಾರು ಕಟ್ಟಿದರು ಎಂದು ಕೇಳಿ. ಉಡಿಗಾಲದ ನೆಂಟರು! ಯಾವ ಮದುವೆಗೆ ಹೋಗಿ ಎಲೆ ಮುಂದೆ ಕೂತರೂ ಪಕ್ಕದ ಎಲೆಯಿಂದ ಒಬ್ಬರು ಶುರು ಮಾಡುತ್ತಾರೆ: "ಅಲ್ಲಪ್ಪ, ಸರ್ಕಾರಿ ಕೆಲ್ಸದಲ್ಲಿದ್ದೀಯ. ಆ ಮುದುಕೀನ ಅಲ್ಲಿ ಒಂಟಿಯಾಗಿ ಬುಟ್ಬುಟ್ಟಿದ್ದೀಯಲ್ಲ, ನಾಳೆ ಒಂದು ಎಚ್ಚುಕಮ್ಮಿಯಾದ್ರ ಜನ ಏನಂದಾರು?" ಹೀಗೆನ್ನುವ ಜನ ಯಾರೂ ಹತ್ತು ವರ್ಷದಿಂದ ಅವಳ ಹೊಸಿಲು ತುಳಿದಿಲ್ಲ. ಗುಂಡ್ಲುಪೇಟೆಯ ಮೇಲೆ ಹಾದು ಊಟಿಗೆ ಟೂರು ಹೋಗುತ್ತಾರೆ, ಬಸ್ಸಿನ ಕಿಟಕಿಯಿಂದ ಮರುಕಪಡುತ್ತಾರೆ. ಆಡುವವರಿಗೇನು ಕಷ್ಟ? ಎಲೆಯ ಮೇಲಿನ ಪಾಯಸ ನನ್ನ ಗಂಟಲಲ್ಲಿ ಇಳಿಯದ ಹಾಗೆ ಮಾಡಿ, ಅವರು ಎರಡನೇ ಸಲ ಹಾಕಿಸಿಕೊಂಡು ಏಳುತ್ತಾರೆ.

ಅಂಥ ಒಂದು ಪಾಯಸದ ಸಿಟ್ಟಿನಲ್ಲೇ ನಾನು ಅತ್ತೆಗೆ ಮೊಬೈಲ್ ತೆಗೆದುಕೊಟ್ಟೆ. ಆಗ ನಮ್ಮ ಆಫೀಸಿನಲ್ಲೇ ಎಲ್ಲರ ಕೈಗೂ ಮೊಬೈಲ್ ಬಂದಿರಲಿಲ್ಲ. ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಗುಂಡಿ ಒತ್ತಿದರೆ ಬಂದ್ ಎಂದು ಒಂದು ಭಾನುವಾರ ಪೂರ್ತಿ ಪಾಠ ಹೇಳಿದೆ. ಸೋಮವಾರದಿಂದ ಹೊಡೆಯುತ್ತೇನೆ, ಹೊಡೆಯುತ್ತೇನೆ, ಎತ್ತುವುದೇ ಇಲ್ಲ. ಗಾಬರಿಯಾಗಿ ರಜೆ ಹಾಕಿ ಬಸ್ಸು ಹತ್ತಿ ಬಂದು ನೋಡಿದರೆ ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಫೋನು ಎಲ್ಲಿ ಎಂದೆ. ಅಕ್ಕಿ ಡಬ್ಬದಲ್ಲಿ ಹೂತಿದ್ದಳು.

"ಅಲ್ಲಿದ್ರ ಸದ್ದು ಕಮ್ಮಿ ಕಣ್ಲಾ. ಈಚ್ಗ ಇದ್ರ ಕಿವಿ ಕಿತ್ತೋಯ್ತದ."

"ಎತ್ತೋಕೇ ಅಲ್ವಾ ಅತ್ತೆ ಅದು ಬಡ್ಕೊಳ್ಳೋದು?"

"ಎತ್ತಿದ್ರ ಏನ್ ಕೇಳೀಯೆ? ಊಟ ಆಯ್ತಾ ಅಂತೀಯೆ. ಆಗಿಲ್ಲ ಅಂದ್ರ ಅಲ್ಲಿಂದ ಬಂದು ಇಕ್ಕೀಯಾ?"

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ, ನನ್ನಲ್ಲಿರಲಿಲ್ಲ. ಉತ್ತರವಿಲ್ಲದವನು ಏನು ಮಾಡುತ್ತಾನೆ? ಬೆದರಿಸುತ್ತಾನೆ. "ಹೀಗೇ ಮಾಡ್ತಿದ್ರೆ ಚಾಮರಾಜನಗರಕ್ಕೆ, ನಮ್ಮನೆಗೇ ಕರ್ಕೊಂಡು ಹೋಗ್ಬಿಡ್ತೀನಿ ನೋಡು" ಎಂದೆ. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಆ ಬಾಣ ನಾಟುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಅದು ನಾಟುವುದಕ್ಕೂ ಕಾರಣವಿತ್ತು. ಅದರ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿದಾಗ ಅವಳನ್ನು ಎಂಟು ದಿನಕ್ಕೆಂದು ನಮ್ಮ ಮನೆಗೆ ಕರೆತಂದಿದ್ದೆ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ನನ್ನ ಹೆಂಡತಿ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಮೆತ್ತಗೆ ಅನ್ನ ಮಾಡಿ, "ಅಮ್ಮ, ನೀವು ಏಳಬೇಡಿ, ನಾನು ಕೊಡ್ತೀನಿ" ಎಂದು ನೀರಿನ ಲೋಟವನ್ನೂ ಕೈಗೇ ಕೊಟ್ಟಳು. ಅತ್ತೆ ಮೊದಲ ದಿನ ಸುಮ್ಮನಿದ್ದಳು. ಎರಡನೇ ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು, ಕೆಳಗೆ ಹೋಗುವ ಹಾಲಿನವನನ್ನು ಬೈದಳು, ಸ್ಕೂಟರಿನವನನ್ನು ಬೈದಳು, ಎದುರು ಮನೆಯ ಮೇಷ್ಟರನ್ನೂ ಬೈದಳು. ಮೇಷ್ಟರು ತಲೆಯೆತ್ತಿ ನೋಡಿ, ಪಾಪ ವಯಸ್ಸಾಗಿದೆ ಎನ್ನುವ ಹಾಗೆ ನಕ್ಕು ಕೈಮುಗಿದು ಹೋದರು. ಮೂರನೇ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದರೆ ತೆರಕಣಾಂಬಿ ಮಾರ್ಗದ ಗುಂಡ್ಲುಪೇಟೆ ಬಸ್ಸಿನ ಮುಂದಿನ ಸೀಟಿನಲ್ಲಿ, ಕಪ್ಪು ಕನ್ನಡಕದಲ್ಲಿ, ಸಿ.ಐ.ಡಿ.ಯವರ ಹಾಗೆ ಕೂತಿದ್ದಾಳೆ.

"ಅತ್ತೆ, ಏನು ಕಮ್ಮಿ ಮಾಡಿದ್ವಿ ನಾವು?"

"ಏನೂ ಕಮ್ಮಿ ಮಾಡ್ಲಿಲ್ಲ ಕಣಪ್ಪ. ನಿಮ್ಮೂರಲ್ಲಿ ಬೈದ್ರ ಯಾರೂ ತಿರ್ಗಿ ಬೈಯ್ಯಲ್ಲ. ಇದೂ ಒಂದು ಊರಾ?"

ಅಂದರೆ, ಅವಳ ಬೀದಿಯಲ್ಲಿ ತಿರುಗಿ ಬೈಯುತ್ತಾರೆ. ಎದುರಿನ ಟೀ ಅಂಗಡಿಯ ಮಲಯಾಳಿ ಕಾಕ ಬೈಯುತ್ತಾನೆ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ. ಪಕ್ಕದ ಮನೆಯ ಟೈಲರನ ಹೆಂಡತಿ ಒಲೆಯ ಮುಂದೆ ಕೂತೇ, ಗೋಡೆಯಾಚೆಯಿಂದ ಬೈಯುತ್ತಾಳೆ. ಆ ಗೋಡೆ ಒಂದಿಟ್ಟಿಗೆ ದಪ್ಪ. ಅತ್ತೆ ಇಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ಅಲ್ಲಿ ಅವಳು ಸೀನುತ್ತಾಳೆ. ಬೆಳಗಿನ ಬೈಗುಳದ ಸುತ್ತು ಮುಗಿದ ಮೇಲೆ ಕಾಕನ ಕಡೆಯಿಂದ ಒಂದು ಲೋಟ ಟೀ ಬರುತ್ತದೆ, ಟೈಲರನ ಹೆಂಡತಿಯ ಕಡೆಯಿಂದ ರಾಗಿ ರೊಟ್ಟಿ ಬರುತ್ತದೆ, ಅತ್ತೆಯ ಕಡೆಯಿಂದ ಎರಡರ ರುಚಿಯ ಬಗ್ಗೆಯೂ ಟೀಕೆ ಹೋಗುತ್ತದೆ. ಇದೆಲ್ಲ ನನಗೆ ಆಗ ಬರೀ ಗಲಾಟೆಯಾಗಿ ಕಾಣುತ್ತಿತ್ತು. ನನ್ನ ಕಣ್ಣಿಗೆ ಪೊರೆ ಬಂದಿತ್ತೋ ಏನೋ.

ಎರಡನೇ ಸಹಾಯ ಬಚ್ಚಲಿನದು. ನೆಲ ಜಾರುತ್ತದೆ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಇರಲಿ ಎಂದು ಪ್ಲಂಬರನನ್ನು ಕರೆದೆ. ಅವನು ಬರುತ್ತೇನೆಂದ ದಿನ ಬರಲಿಲ್ಲ, ಬರುವುದಿಲ್ಲವೆಂದ ದಿನ ಬಂದ. ಎರಡು ಮೊಳೆ ಬಡಿದು, "ಆನೆ ಕಟ್ಟಾಕಿ ಸಾರ್, ಬೀಳಲ್ಲ" ಎಂದು ಹೋದ. ಅತ್ತೆ ಕಂಬಿಯನ್ನು ನೋಡಿ, "ಬಸ್ಸಲ್ಲಿ ಕಂಬಿ ಇಡ್ಕಂಡು ನಿಲ್ಲದು ಸಾಲ್ದು ಅಂತ ಮನೇಲೂ ತಂದ್ಯಾ? ಟಿಕೀಟು ಯಾರು ಕೊಡಾರು, ನಿನ್ನೆಂಡ್ರಾ?" ಎಂದಳು. ಮುಂದಿನ ಸಲ ನೋಡಿದರೆ ಅದರ ಮೇಲೆ ಒದ್ದೆ ಸೀರೆ ಒಣಗುತ್ತಿತ್ತು. ನಾನು ಬಾಣ ಬಿಟ್ಟೆ: "ಕಂಬಿ ಹಿಡ್ಕೊಂಡೇ ಸ್ನಾನ ಮಾಡ್ಬೇಕು. ಇಲ್ಲಾಂದ್ರೆ ಚಾಮರಾಜನಗರ." ಅತ್ತೆ ಸೀರೆ ತೆಗೆದಳು. ಗೆದ್ದೆ ಎಂದು ಬೀಗಿದೆ.

ಮೂರನೆಯದು ರಂಗೋಲಿ. ಅತ್ತೆಗೆ ಸೊಂಟ ಹಿಡಿದುಕೊಂಡಿತ್ತು, ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಯಾವ ಕೆಲಸಕ್ಕೆ ಬಗ್ಗುತ್ತಾಳೆ ಎಂದು ನೋಡಿದರೆ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದಕ್ಕೆ. ಅವಳ ರಂಗೋಲಿಯ ಚೆಂದವನ್ನು ಏನೆಂದು ವರ್ಣಿಸಲಿ! ಒಂದು ನಕ್ಷತ್ರ. ಐದು ಮೂಲೆ ಇರಬೇಕಾದಲ್ಲಿ ನಾಲ್ಕೂವರೆ ಇರುತ್ತಿತ್ತು. ಎಡಗಡೆಯ ಗೆರೆ ಯಾವಾಗಲೂ ಮೋರಿಯ ಕಡೆಗೆ ವಾಲುತ್ತಿತ್ತು. ಇದಕ್ಕಾಗಿ ಸೊಂಟ ಮುರಿದುಕೊಳ್ಳಬೇಕೆ? ಹಿಂದಿನ ಬೀದಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ಗಣೇಶನ ಪೆಂಡಾಲಿನ ಮುಂದೆ ಗರಿ ಬಿಚ್ಚಿದ ನವಿಲು ಬಿಡುವ ಕೈ ಅವಳದು.

ಅತ್ತೆ ಬೀದಿ ಬಾಗಿಲು ಹಾಕಿ ಬಂದು ಆಕಾಶ ಭೂಮಿ ಒಂದು ಮಾಡಿದಳು. "ನನ್ನ ಬಾಗ್ಲಿಗ ಇನ್ನೊಬ್ಳು ರಂಗೋಲಿ ಬುಡದಾ? ನಾನೇನ್ ಸತ್ತೋಗಿದ್ದೀನಾ?" ಎಂದಳು. ನಾನೂ ಬಿಡಲಿಲ್ಲ. ಜಗಳ ಮಧ್ಯಾಹ್ನದವರೆಗೆ ನಡೆಯಿತು. ಟೈಲರನ ಮನೆಯವರು ಆ ವಾರ ಯಾವುದೋ ಮದುವೆಗೆ ಹೋಗಿದ್ದರು, ಇಲ್ಲದಿದ್ದರೆ ಗೋಡೆಯಾಚೆಯಿಂದ ಅವರೂ ಸೇರಿಕೊಳ್ಳುತ್ತಿದ್ದರು. ಕೊನೆಗೆ ನಾನು ಚಾಮರಾಜನಗರ ಎಂದೆ. ಅತ್ತೆ ಎರಡು ಷರತ್ತು ಹಾಕಿ ಒಪ್ಪಿದಳು. ಒಂದು, ಬೀದಿ ಏಳುವ ಮೊದಲೇ ಆ ಹೆಂಗಸು ಬಂದು ಬಿಟ್ಟು ಹೋಗಬೇಕು, ಯಾರ ಕಣ್ಣಿಗೂ ಬೀಳಬಾರದು. ಇನ್ನೊಂದು, ನವಿಲು ಕೂಡದು. ಅತ್ತೆ ಬಿಡುವಂಥದ್ದೇ ಸೊಟ್ಟ ನಕ್ಷತ್ರ ಬಿಡಬೇಕು.

ನವಿಲು ಬಿಡುವ ಕೈಗೆ ಸೊಟ್ಟ ಗೆರೆ ಕಲಿಸುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು. ಪಾಪ, ಅವಳು ಎಷ್ಟು ಪ್ರಯತ್ನಪಟ್ಟರೂ ಗೆರೆ ನೆಟ್ಟಗೇ ಬರುತ್ತಿತ್ತು. ಅತ್ತೆ ಹಿತ್ತಿಲಿನಲ್ಲಿ ಕುರ್ಚಿ ಹಾಕಿ ಕೂತು, "ವಾಲ್ಸು, ಇನ್ನೂ ವಾಲ್ಸು. ಕೈ ನಡುಗ್ಸಮ್ಮಿ" ಎಂದು ಎರಡು ದಿನ ತಾಲೀಮು ಮಾಡಿಸಿದಳು. ಮೂರನೇ ದಿನ ನಾಲ್ಕೂವರೆ ಮೂಲೆ ಬಂತು. ನಾನು ಈ ಕತೆಯನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮುದುಕಿಗೆ ಎಷ್ಟು ಜಂಭ ನೋಡಿ ಎಂದೆ.

ಇದಾಗಿ ಎರಡು ತಿಂಗಳಿಗೆ ಒಂದು ಭಾನುವಾರ, ಹನ್ನೊಂದು ಗಂಟೆಗೆ ಬಸ್ಸಿಳಿದು ಬಂದೆ. ಬಾಗಿಲಲ್ಲಿ ಸೊಟ್ಟ ನಕ್ಷತ್ರವಿತ್ತು. ಬಾಗಿಲು ತಟ್ಟಿದೆ. ಮಾಮೂಲಿನಂತೆ "ಬಂದ್ಯಾ ಕಂದಾಯದವ್ನೇ?" ಎಂಬ ಬೈಗುಳ ಬರಲಿಲ್ಲ. ಮತ್ತೆ ತಟ್ಟಿದೆ. ಎದುರಿನಿಂದ ಕಾಕ, "ಮಂಡಿಗೆ ಹೋಗಿರ್ಬೇಕು ಸಾರೇ" ಎಂದ. ಆದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಾಕ ಕೈಯಲ್ಲಿದ್ದ ಲೋಟವನ್ನು ಅಲ್ಲೇ ಬಿಟ್ಟು ಓಡಿಬಂದ. ಇಬ್ಬರೂ ಹೆಗಲು ಕೊಟ್ಟು ಚಿಲಕ ಮುರಿದೆವು.

ಅತ್ತೆ ಬಚ್ಚಲಿನಲ್ಲಿ ಬಿದ್ದಿದ್ದಳು. ಬಲಗೈ ಮೈಯಡಿಗೆ ಸಿಕ್ಕಿ ಊದಿಕೊಂಡಿತ್ತು. ಎಡಗೈಯಲ್ಲಿ ಕಂಬಿ ಇತ್ತು. ಮೊಳೆಗಳ ಸಮೇತ ಗೋಡೆಯಿಂದ ಕಿತ್ತು ಬಂದ ಕಂಬಿ. ನನ್ನ ಮಾತು ಕೇಳಿ ಅದನ್ನು ಹಿಡಿದುಕೊಂಡೇ ಸ್ನಾನಕ್ಕೆ ನಿಂತಿದ್ದಾಳೆ, ಅದು ಅವಳನ್ನು ಕೆಡವಿದೆ. ಬಿದ್ದದ್ದು ಬೆಳಗಿನ ಜಾವ. ಆರು ಗಂಟೆ ಕಾಲ ಒದ್ದೆ ನೆಲದ ಮೇಲೆ ಹಾಗೇ ಇದ್ದಳು. ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಮುಂಗೈ ಮೂಳೆ ಮುರಿದಿದೆ ಎಂದು ಪ್ಲಾಸ್ಟರ್ ಕಟ್ಟು ಹಾಕಿದರು. ಮಿಕ್ಕದ್ದೆಲ್ಲ ಸರಿಯಾಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅತ್ತೆ ಒಬ್ಬರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾಯಿತು, ಹೆದರಿಕೆಗೆ ಸಿಟ್ಟು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಕಾಕನ ಮೇಲೆ ಹರಿಹಾಯ್ದೆ.

"ಎದುರುಗಡೆನೇ ಕೂತಿರ್ತೀರಲ್ಲ, ಬೆಳಿಗ್ಗೆಯಿಂದ ಒಂದು ಸಲನಾದ್ರೂ ಅಮ್ಮ ಕಾಣ್ಲಿಲ್ಲ ಅನ್ನಿಸ್ಲಿಲ್ವಾ ನಿಮಗೆ?"

"ರಂಗೋಲಿ ಉಂಟಲ್ಲ ಸಾರೇ."

"ರಂಗೋಲಿಗೂ ಇದಕ್ಕೂ ಏನ್ರೀ ಸಂಬಂಧ?"

ಕಾಕ ನನ್ನನ್ನು ವಿಚಿತ್ರವಾಗಿ ನೋಡಿದ. ಆಮೇಲೆ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಅಮ್ಮ ರಂಗೋಲಿ ಹಾಕಿದ್ರೆ ಅಮ್ಮ ಎದ್ದಿದ್ದಾರೆ ಅಂತ. ನಾನು ಅಂಗಡಿ ತೆಗೆದ ಕೂಡ್ಲೇ ಅದನ್ನೇ ನೋಡೋದು. ಟೈಲರಮ್ಮನೂ ಅದನ್ನೇ ನೋಡೋದು. ಆರೂವರೆಗೆ ರಂಗೋಲಿ ಇಲ್ಲಾಂದ್ರೆ ನಾವು ಬಾಗಿಲು ತಟ್ತೀವಿ. ಮೂರು ವರ್ಷದಿಂದ ಹಾಗೇ. ಒಂದ್ಸಲ ಜ್ವರ ಬಂದು ಹಾಕಿರ್ಲಿಲ್ಲ, ನಾವೇ ಹೋಗಿ ಎತ್ತಿ ಆಸ್ಪತ್ರೆಗೆ ತಂದ್ವಿ. ಬೈದ್ರು. ಬೈಲಿ. ಇವತ್ತು ಅಮ್ಮನ ಕೈಯ್ಯಿಂದು ಉಂಟಲ್ಲ, ಅದೇ ಸೊಟ್ಟ ನಕ್ಷತ್ರ. ಬೈಗುಳ ಕೇಳ್ಲಿಲ್ಲ, ಬೇಗ ಮಂಡಿಗೆ ಹೋಗಿದ್ದಾರೆ ಅಂದ್ಕೊಂಡ್ವಿ. ಅದಕ್ಕೆ ನಾವು ಬರ್ಲಿಲ್ಲ."

ಜ್ವರದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಆ ನಕ್ಷತ್ರ ಯಾರ ಕೈಯದೆಂದು ಕಾಕನಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಒಂದು ಬೀದಿ ಸದ್ದಿಲ್ಲದೆ ಒಬ್ಬ ಮುದುಕಿಯನ್ನು ಕಾಯುತ್ತಿತ್ತು. ಅವಳಿಗೆ ಕಾಯುತ್ತಿದ್ದಾರೆಂಬ ಮುಜುಗರವೂ ಆಗದ ಹಾಗೆ ಕಾಯುತ್ತಿತ್ತು. ಮೂವತ್ತೈದು ಕಿಲೋಮೀಟರ್ ದೂರದಿಂದ ಬಂದ ನಾನು ಅದರ ಕಣ್ಣು ಕಟ್ಟಿ, ಪ್ಲಂಬರನಿಂದ ಮೊಳೆಯನ್ನೂ ಬಡಿಸಿ, ಸಹಾಯ ಮಾಡಿದೆ ಎಂದು ಮೀಸೆ ತಿರುವಿಕೊಂಡು ಹೋಗಿದ್ದೆ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆಸ್ಪತ್ರೆ ಎಂದು ಸುಮ್ಮನಾದೆ.

ಆದರೆ ತಪ್ಪು ಮಾಡಿದವನ ಸಿಟ್ಟು ಅಷ್ಟು ಸುಲಭಕ್ಕೆ ತನ್ನ ಮೇಲೇ ನಿಲ್ಲುವುದಿಲ್ಲವಲ್ಲ! ಸಂಜೆ ಅತ್ತೆಯನ್ನು ಮನೆಗೆ ಕರೆತಂದು ಕೂರಿಸಿ, ಗೂಟದಲ್ಲಿದ್ದ ಚೀಲ ತೆಗೆದು, ಅವಳ ಸೀರೆಗಳನ್ನು ತುರುಕತೊಡಗಿದೆ. ತುರುಕುತ್ತಾ ಕೂಗಾಡಿದೆ. ಸಾಕು ನಿನ್ನ ಒಣ ಜಂಭ ಎಂದೆ. ಇನ್ನೊಂದು ಗಂಟೆ ತಡವಾಗಿದ್ದರೆ ನಾನು ಏನಾಗಬೇಕಿತ್ತು ಎಂದೆ. ಬಾಗಿಲಲ್ಲಿ ಟೈಲರನ ಹೆಂಡತಿ ಸೆರಗು ಬಾಯಿಗಿಟ್ಟು ಅಳುತ್ತಾ ನಿಂತಿದ್ದಳು. ಅವಳನ್ನು ನೋಡಿ ಇನ್ನೂ ಸಿಟ್ಟು ಬಂತು.

"ಇವರ ಒಲೆ ಇರೋದು ನಿನ್ನ ಬಚ್ಚಲ ಗೋಡೆಗೆ ಅಂಟ್ಕೊಂಡು. ಒಂದೇ ಒಂದು ಸಲ ಕೂಗಿದ್ರೆ ಎದ್ದು ಬರ್ತಿದ್ರು. ಬೀದಿಗೆಲ್ಲ ಕೇಳೋ ಹಾಗೆ ಬೈಯ್ಯೋಳಿಗೆ ಕೂಗೋಕೆ ಏನಾಗಿತ್ತು ಅತ್ತೆ?"

ಅತ್ತೆ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

"ಆ ಎಂಗ್ಸು ಬಂದು ಬಾಗ್ಲಿಗ ನೀರಾಕದು ಕೇಳ್ತಿತ್ತು ಕಣಪ್ಪ. ಇವ್ಳು ರೊಟ್ಟಿ ತಟ್ಟದೂ ಕೇಳ್ತಿತ್ತು."

"ಮತ್ತೆ ಯಾಕೆ ಕೂಗ್ಲಿಲ್ಲ?"

"ಕೂಗಿದ್ರ ನಿನ್ಗ ಸುದ್ದಿ ಓಗದು. ನೀನು ಚೀಲ ತಕ್ಕ ಬಂದ್ಬುಡೀಯೆ ಅಂತ."

ಚೀಲ ನನ್ನ ಕೈಯಲ್ಲಿತ್ತು. ತುರುಕಿದ್ದ ಸೀರೆಗಳನ್ನು ಒಂದೊಂದಾಗಿ ಈಚೆಗೆ ತೆಗೆದೆ. ಮಡಿಸಿ ಅವಳ ಪಕ್ಕದಲ್ಲಿಟ್ಟು, ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದೆ.

"ಬಿದ್ರೆ ಕೂಗು ಅತ್ತೆ. ಯಾವಾಗ ಬಿದ್ರೂ ಕೂಗು. ನಿನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ" ಎಂದೆ.

ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದಳು. ನಂಬಲಿಲ್ಲ. ಎಡಗೈಯನ್ನು ಮುಂದೆ ಚಾಚಿ, "ಆಣೆ ಮಾಡು" ಎಂದಳು.

ಅವಳ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಮಂಡಿಯ ವ್ಯಾಪಾರಿಗಳಿಗೆ, ಲಾರಿಯವರಿಗೆ, ನಮ್ಮಪ್ಪನಿಗೆ, ಒಂಟಿತನಕ್ಕೆ, ಯಾವುದಕ್ಕೂ ಹೆದರದ ನಮ್ಮತ್ತೆ ಈ ಭೂಮಿಯ ಮೇಲೆ ಹೆದರಿದ್ದು ನನ್ನೊಬ್ಬನಿಗೆ.